ಗೇಟಿನ ಕೀಲಿ ಹಿಡಿದವರಿಗೆ ತುಬಚಿಯಿಂದ ಒಂದು ಬಹಿರಂಗ ಪತ್ರ

ಜಲಸಂಪನ್ಮೂಲ ಮತ್ತು ಮೀನುಗಾರಿಕೆ ಸಚಿವರಿಗೆ, ಕೃಷ್ಣೆಯ ಬ್ಯಾರೇಜುಗಳನ್ನು ನೋಡಿಕೊಳ್ಳುವ ಎಂಜಿನಿಯರರಿಗೆ, ಮಾಲಿನ್ಯ ನಿಯಂತ್ರಣ ಮಂಡಳಿಯ ಅಧಿಕಾರಿಗಳಿಗೆ, ಹಾಗೂ ಹೊಳೆದಂಡೆಯ ನನ್ನ ಕಬ್ಬು ಬೆಳೆಗಾರ ಬಂಧುಗಳಿಗೆ,



ನಾನು ಜಮಖಂಡಿ ತಾಲ್ಲೂಕಿನ ತುಬಚಿಯವನು. ಕೃಷ್ಣೆಯ ನೀರು ನಂಬಿ ಕಬ್ಬು ಬೆಳೆಯುವ ಮನೆತನ ನಮ್ಮದು. ನಮ್ಮೂರಿನ ಹೆಸರು ನಿಮ್ಮ ಕಡತಗಳಲ್ಲಿ ಹಲವು ಸಲ ಬಂದಿದೆ. ತುಬಚಿ-ಬಬಲೇಶ್ವರ ಏತ ನೀರಾವರಿ ಯೋಜನೆಯೆಂದರೆ ಈಗ ರಾಜ್ಯಕ್ಕೆಲ್ಲ ಗೊತ್ತು. ಕವಟಗಿ ಬಳಿ ಹೊಳೆಯಿಂದ ಮೇಲೆತ್ತಿದ ನೀರು ವಿಜಯಪುರ ಜಿಲ್ಲೆಯ ಒಣಭೂಮಿಯವರೆಗೆ ಹೋಗಿದೆ. ಯೋಜನೆಗೆ ಹಂಚಿಕೆಯಾದದ್ದು 6.3 ಟಿಎಂಸಿ ಅಡಿ ನೀರು, ತೋಯಬೇಕಾದದ್ದು 52,700 ಹೆಕ್ಟೇರ್ ನೆಲ. ಬರ ಉಂಡು ಬೆಳೆದ ಊರುಗಳಲ್ಲಿ ಕಾಲುವೆ ಹರಿಯುವುದನ್ನು ನೋಡಿದಾಗ ಎದೆ ತುಂಬುತ್ತದೆ. ಹಾಗಾಗಿ ಈ ಪತ್ರ ನೀರಾವರಿಯ ವಿರುದ್ಧ ಬರೆದದ್ದಲ್ಲ.

ನಾನು ಬರೆಯುತ್ತಿರುವುದು ಹಂಚಿಕೆಯ ಲೆಕ್ಕದಲ್ಲಿ ಬಿಟ್ಟುಹೋದ ಇಬ್ಬರ ಪರವಾಗಿ. ಒಂದು, ಈ ಹೊಳೆಯಲ್ಲೇ ಹುಟ್ಟಿ ಈ ಹೊಳೆಯಲ್ಲೇ ಬೆಳೆದ ಮೀನು. ಎರಡು, ಆ ಮೀನಿಗೆ ಬಲೆ ಬೀಸಿ ತಲೆತಲಾಂತರದಿಂದ ಬದುಕಿದ ಅಂಬಿಗರು, ಕೋಲಿಗಳು, ಕಬ್ಬಲಿಗರು, ಗಂಗಾಮತಸ್ಥರು. ಮೀನು ಕಡಿಮೆಯಾಗಿದೆ ಎಂದಾಗಲೆಲ್ಲ ನಮ್ಮ ಕಣ್ಣು ಮೊದಲು ಬಲೆಯ ಮೇಲೆ ಬೀಳುತ್ತದೆ. ಆದರೆ ಹೊಳೆಯ ಮೀನನ್ನು ಬಲೆಗಿಂತ ಹೆಚ್ಚು ಖಾಲಿ ಮಾಡುತ್ತಿರುವುದು ಗೇಟು, ಪಂಪು ಮತ್ತು ಕಾರ್ಖಾನೆಯ ಹೊಲಸು ನೀರು. ಆ ಮೂರನ್ನೂ ಸರಿಪಡಿಸುವ ಶಕ್ತಿ ಇರುವುದು ನಿಮ್ಮ ಕೈಯಲ್ಲಿ ಮತ್ತು ನಮ್ಮಂಥ ಬೆಳೆಗಾರರ ಕೈಯಲ್ಲಿ. ಬಲೆಯವರ ಕೈಯಲ್ಲಲ್ಲ. ಇದನ್ನು ಹೇಳಲೆಂದೇ ಈ ಪತ್ರ.

ನಮ್ಮ ತಾಲ್ಲೂಕಿನ ಹೊಳೆಯನ್ನು ಒಮ್ಮೆ ಮೀನಿನ ಕಣ್ಣಿನಿಂದ ನೋಡಿ. ಮೇಲೆ ಹಿಪ್ಪರಗಿ ಬ್ಯಾರೇಜು. ಕೆಳಗೆ ಚಿಕ್ಕಪಡಸಲಗಿ ಬ್ಯಾರೇಜು. ಅದರ ಕೆಳಗೆ ಆಲಮಟ್ಟಿಯ ಹಿನ್ನೀರು, ಆಮೇಲೆ ನಾರಾಯಣಪುರ. ಆ ಕಡೆ ಮುಧೋಳದ ಘಟಪ್ರಭೆಯಲ್ಲಿ ಒಂದರ ಹಿಂದೊಂದು, ಹಲಗೆ ಹಾಕಿ ನೀರು ನಿಲ್ಲಿಸುವ ಬಾಂದಾರ. ಘಟಪ್ರಭೆ ಬಂದು ಕೃಷ್ಣೆಯನ್ನು ಕೂಡುವ ಬೀಳಗಿ ತಾಲ್ಲೂಕಿನ ಚಿಕ್ಕಸಂಗಮದಲ್ಲಿ ಈಗ ಹರಿಯುವ ನೀರಿಗಿಂತ ನಿಂತ ನೀರೇ ಹೆಚ್ಚು. ನಮಗೆ ಇದು ಒಂದೇ ಹೊಳೆ. ಮೀನಿನ ಪಾಲಿಗೆ ಇದು ಬಾಗಿಲು ಹಾಕಿದ ಕೋಣೆಗಳ ಸಾಲು.

ಹೊಳೆಯ ಮೀನಿಗೆ ವರ್ಷದಲ್ಲಿ ಎರಡು ಕಾಲ ಮುಖ್ಯ. ಒಂದು ಮೃಗಶಿರ, ಆರಿದ್ರೆಯ ಮಳೆಗೆ ಹೊಸ ನೀರು ಬರುವ ಕಾಲ. ಘಟ್ಟದ ಮಣ್ಣು ಹೊತ್ತ ಕೆಂಪು ನೀರು ಬಂತೆಂದರೆ ತತ್ತಿ ತುಂಬಿದ ಮೀನು ನೀರಿಗೆದುರಾಗಿ ಏರತೊಡಗುತ್ತವೆ. ಹಳ್ಳದ ಬಾಯಿ, ಹೊಲದಂಚಿನ ತೆಳು ನೀರು, ಗರಸು ಹಾಸಿದ ಜಾಗ, ಹೀಗೆ ತಮಗೆ ಬೇಕಾದ ಕಡೆ ತತ್ತಿ ಇಡುತ್ತವೆ. ಆ ಏರಾಟಕ್ಕೆ ದಾರಿ ತೆರೆದಿರಬೇಕು. ಇನ್ನೊಂದು ಬಿರುಬೇಸಿಗೆ. ಹೊಳೆ ಬತ್ತಿ ನಡುನಡುವೆ ಆಳದ ಮಡುಗಳಷ್ಟೇ ಉಳಿದಾಗ, ಮುಂದಿನ ವರ್ಷದ ತಾಯಿ ಮೀನುಗಳೆಲ್ಲ ಆ ಮಡುಗಳಲ್ಲಿ ಜೀವ ಹಿಡಿದುಕೊಂಡಿರುತ್ತವೆ. ಮಡುವಿನಲ್ಲಿ ನೀರು ಉಳಿದರೆ ಮೀನು ಉಳಿಯಿತು. ಏರಲು ದಾರಿ ಸಿಕ್ಕರೆ ಸಂತಾನ ಉಳಿಯಿತು. ಇವೆರಡೂ ಇದ್ದಾಗ ಬಲೆ ಬೀಸಿದರೂ ಹೊಳೆ ಬರಿದಾಗುತ್ತಿರಲಿಲ್ಲ. ಈಗ ಎರಡೂ ಇಲ್ಲ.

ದಂಡೆಯಲ್ಲಿ ಒಂದು ಬೆಳಗ್ಗೆ ನಿಂತು ನೋಡಿ, ನಾನು ಹೇಳುವುದು ನಿಮಗೇ ಕಾಣುತ್ತದೆ. ಸಂಜೆ ಬಿಟ್ಟ ಬಲೆಯನ್ನು ನಸುಕಿನಲ್ಲಿ ತೆಪ್ಪದ ಮೇಲೆ ಕೂತು ಎಳೆಯುತ್ತಾರೆ. ಒಬ್ಬರು ಹುಟ್ಟು ಹಾಕುತ್ತ ತೆಪ್ಪ ತಿರುಗದಂತೆ ಹಿಡಿದಿರುತ್ತಾರೆ, ಇನ್ನೊಬ್ಬರು ಬೆಂಡು ಕಟ್ಟಿದ ಹಗ್ಗ ಹಿಡಿದು ಬಲೆಯನ್ನು ಮಡಿಲಿಗೆ ತಂದುಕೊಳ್ಳುತ್ತ ಒಂದೊಂದೇ ಮೀನನ್ನು ಕಣ್ಣಿನಿಂದ ಬಿಡಿಸುತ್ತಾರೆ. ಕಿವಿರು ಹರಿಯದಂತೆ, ದಾರ ಕಡಿಯದಂತೆ ಬಿಡಿಸುವುದು ಕೈ ಕಲಿತ ವಿದ್ಯೆ. ಬಿಡಿಸಿದ ಮೀನು ತೆಪ್ಪದ ತಳಕ್ಕೆ ಬಿದ್ದಾಗ ನೋಡಿ: ಹೆಚ್ಚಿನವು ಜಿಲೇಬಿ. ಅಂಗೈಯಗಲದ, ಮುಳ್ಳು ಸೆಟೆದ, ಕಪ್ಪು ಬೂದಿ ಬಣ್ಣದ ಮೀನು. ಅವುಗಳ ನಡುವೆ ಒಂದೆರಡು ಕಟ್ಲಾ, ರೋಹು. ಮೀಸೆ ಬಿಟ್ಟ ಕ್ಯಾಟ್‌ಫಿಶ್ ಒಂದು ಸಿಕ್ಕರೆ ಅದು ಬಲೆಯನ್ನೇ ಹರಿದು ಹಾಕಿರುತ್ತದೆ. ಬಾಳೆ ಮೀನು ಸಿಕ್ಕಿತೆಂದರೆ ದಂಡೆಯ ಮಂದಿ ಕೂಡಿ ನೋಡುವಂತಾಗಿದೆ.

ಅಂಥ ಒಂದು ಬೆಳಗ್ಗೆ, ಎಷ್ಟು ಸಿಕ್ಕಿತು ಕಾಕಾ ಎಂದು ಕೇಳಿದಾಗ ಬಂದ ಉತ್ತರ ಇದು: "ಮೀನ ಅದಾವ್ರೀ ಸಾವ್ಕಾರ್ರ. ಆದ್ರ ನಮ್ಮ ಹೊಳೀ ಮೀನ ಇಲ್ಲ."

ಮಾನ್ಯರೇ, ನಿಮ್ಮ ಇಲಾಖೆಯ ವರದಿಯಲ್ಲಿ ಮೀನಿನ ಟನ್ನು ಏರಿರಬಹುದು. ಆ ಟನ್ನಿನೊಳಗೆ ಯಾವ ಮೀನು ಇದೆ ಎಂಬುದೇ ಪ್ರಶ್ನೆ. ಜಿಲೇಬಿ ಆಫ್ರಿಕಾದ್ದು, 1952ರಲ್ಲಿ ನಮ್ಮ ದೇಶಕ್ಕೆ ಬಂದದ್ದು. ಆಫ್ರಿಕನ್ ಕ್ಯಾಟ್‌ಫಿಶ್ ಸಾಕಣೆಯನ್ನು ಕೇಂದ್ರ ಸರ್ಕಾರ 2000ದಲ್ಲೇ ನಿಷೇಧಿಸಿದೆ. ಆದರೂ ಅದು ಹೊಂಡಗಳಿಂದ ತಪ್ಪಿಸಿಕೊಂಡು ಹೊಳೆ ಸೇರಿ, ಕಂಡದ್ದನ್ನೆಲ್ಲ ತಿಂದು ಬೆಳೆಯುತ್ತಿದೆ. ಕಟ್ಲಾ, ರೋಹು, ಮೃಗಾಲ ಗಂಗೆಯ ಕಣಿವೆಯವು. 1957ರ ಜುಲೈ 10ರಂದು ಒಡಿಶಾದಲ್ಲಿ ಮೀನು ವಿಜ್ಞಾನಿ ಹೀರಾಲಾಲ್ ಚೌಧುರಿ ಅವರು ಚುಚ್ಚುಮದ್ದು ಕೊಟ್ಟು ಮೀನಿನಿಂದ ತತ್ತಿ ಹಾಕಿಸುವ ವಿದ್ಯೆಯನ್ನು ಸಾಧಿಸಿದ ಮೇಲೆ ಗಂಗೆಯ ಈ ಮೂರು ಮೀನಿನ ಮರಿಗಳು ದೇಶದ ಕೆರೆಕಟ್ಟೆಗಳಿಗೆಲ್ಲ ಹೋದವು. ಅದರಿಂದ ಕೋಟಿಗಟ್ಟಲೆ ಜನರಿಗೆ ಅಗ್ಗದ ಮೀನು ಸಿಕ್ಕಿತು, ಅದು ದೊಡ್ಡ ಉಪಕಾರವೇ. ಕೆರೆಗೆ ಅದು ಸರಿ. ಆದರೆ ಹೊಳೆಗೂ ಅದೇ ಮರಿ, ಜಲಾಶಯಕ್ಕೂ ಅದೇ ಮರಿ ಎಂದಾದಾಗ, ಕೃಷ್ಣೆಯ ಸ್ವಂತ ಮೀನು ತನ್ನ ಮನೆಯಲ್ಲೇ ಪರದೇಶಿಯಾಯಿತು.

ಕೃಷ್ಣೆಗೆ ಸ್ವಂತ ಮೀನಿಲ್ಲವೇ? 1839ರಲ್ಲಿ ಕರ್ನಲ್ ಸೈಕ್ಸ್ ಎಂಬ ಬ್ರಿಟಿಷ್ ಅಧಿಕಾರಿ ದಖ್ಖನ್ನಿನ ಮೀನುಗಳ ವಿವರ ಪ್ರಕಟಿಸಿದಾಗ ಅದರಲ್ಲಿ ಪುಣೆಯ ಮುಳಾ-ಮುಠಾ ಹೊಳೆಯ ಒಂದು ಮಹಶೀರ್ ಇತ್ತು. ಆ ನೀರು ಭೀಮೆಗೆ ಬಂದು, ಭೀಮೆಯ ಮೂಲಕ ಕೃಷ್ಣೆಗೇ ಸೇರುತ್ತದೆ. ಹುಲ್ಲು ಮೇಯುವ ಹರಗಿ ಮೀನು ನಮ್ಮ ದಕ್ಷಿಣದ ಹೊಳೆಗಳಿಗೇ ಸೀಮಿತವಾದದ್ದು. ಒಂದು ಆಳಿನ ತೂಕದವರೆಗೂ ಬೆಳೆಯುತ್ತದೆಂದು ಹಿರಿಯರು ಹೇಳುತ್ತಿದ್ದ ಬಾಳೆ ಮೀನು ಇಂದು ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟದ ಪಟ್ಟಿಯಲ್ಲಿ ಅಪಾಯದಂಚಿನ ಜೀವಿ. ಇವುಗಳ ಮರಿ ಮಾಡುವ ವಿದ್ಯೆಯೂ ನಮ್ಮಲ್ಲೇ ಇದೆ. ಬೆಂಗಳೂರಿನ ಹೆಸರಘಟ್ಟದಲ್ಲಿರುವ ಕೇಂದ್ರೀಯ ಸಿಹಿನೀರು ಜಲಕೃಷಿ ಸಂಸ್ಥೆಯ ಪ್ರಾದೇಶಿಕ ಕೇಂದ್ರ ಹರಗಿಯಂಥ ದಕ್ಷಿಣದ ಗೆಂಡೆಗಳ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದೆ. ಆ ಕೆಲಸ ಹೆಸರಘಟ್ಟದ ತೊಟ್ಟಿಗಳಿಂದ ಹೊರಟು ಕೃಷ್ಣೆಯವರೆಗೆ ಬರಬೇಕು.

ಇಲ್ಲೊಂದು ಎಚ್ಚರಿಕೆಯನ್ನೂ ಹೇಳಬೇಕು. ಮರಿ ಬಿಟ್ಟರೆ ಎಲ್ಲ ಸರಿಹೋಗುತ್ತದೆ ಎಂಬ ನಂಬಿಕೆ ಅಪಾಯದ್ದು. ಲೋಣಾವಳದಲ್ಲಿ ಟಾಟಾ ಕಂಪನಿಯ ಮೀನು ಕೇಂದ್ರ 1970ರ ದಶಕದಿಂದ ಕೃಷ್ಣಾ ಕಣಿವೆಯ ಮಹಶೀರ್ ಮರಿಗಳನ್ನು ಬೆಳೆಸಿ ಬೇರೆ ಬೇರೆ ರಾಜ್ಯಗಳಿಗೆ ಕೊಟ್ಟಿತು. ಉದ್ದೇಶ ಒಳ್ಳೆಯದೇ ಇತ್ತು. ಆದರೆ ಆ ಮರಿಗಳನ್ನು ಕಾವೇರಿಗೂ ಬಿಡಲಾಯಿತು. ಕಾವೇರಿಯಲ್ಲಿ ಅದರದ್ದೇ ಆದ, ಜಗತ್ತಿನಲ್ಲಿ ಬೇರೆಲ್ಲೂ ಇಲ್ಲದ ಬೆನ್ನುಡುಬ್ಬದ ಮಹಶೀರ್ ಇತ್ತು. ಹೊರಗಿನಿಂದ ಬಂದದ್ದು ಹೆಚ್ಚಿತು, ಕಾವೇರಿಯದ್ದು ಕುಗ್ಗಿತು. 2018ರಲ್ಲಿ ವಿಜ್ಞಾನಿಗಳು ಅದಕ್ಕೊಂದು ಖಚಿತ ವೈಜ್ಞಾನಿಕ ಹೆಸರು ಗೊತ್ತುಮಾಡುವ ಹೊತ್ತಿಗೆ ಅದು ಅಳಿವಿನ ಅಂಚಿಗೆ ಬಂದು ನಿಂತಿತ್ತು. ಹಾಗಾಗಿ ಯಾವ ಹೊಳೆಗೆ ಯಾವ ಮೀನು ಎಂಬುದನ್ನು ಅರಿಯದೆ ಮರಿ ಸುರಿಯಬೇಡಿ. ಮರಿ ಬಿಡುವುದಕ್ಕಿಂತ ಮೊದಲು ಮರಿ ಬದುಕುವ ನೀರು ಉಳಿಸಿ.

ಈಗ ಬಲೆಯ ಮಾತಿಗೆ ಬರುತ್ತೇನೆ. ಬಲೆಯವರಲ್ಲಿ ತಪ್ಪೇ ಇಲ್ಲವೆಂದು ನಾನು ಹೇಳುವುದಿಲ್ಲ. ಸೊಳ್ಳೆಪರದೆಯಂಥ ಸಣ್ಣ ಕಣ್ಣಿನ ಬಲೆ ಮರಿಯನ್ನೂ ಬಿಡುವುದಿಲ್ಲ. ಹೊಸ ನೀರಿಗೆ ಏರುವ ಮೀನನ್ನು ಹಳ್ಳದ ಬಾಯಿಗೆ ಅಡ್ಡ ನಿಂತು ಬಡಿಗೆಯಿಂದ ಹೊಡೆಯುವವರಿದ್ದಾರೆ. ನೀರಿಗೆ ಕರೆಂಟು ಬಿಡುವವರೂ, ಕೀಟನಾಶಕ ಸುರಿಯುವವರೂ ಇದ್ದಾರೆ. ತುಂಗಭದ್ರಾ ಜಲಾಶಯದಲ್ಲಿ ಸಣ್ಣ ಕಣ್ಣಿನ ಅಲಿವಿ ಬಲೆಗಳು ಮೀನಿನ ಸಂತಾನವನ್ನು ಹೇಗೆ ಬಳಿದು ಹಾಕಿದವೆಂಬುದು ನಿಮ್ಮ ಇಲಾಖೆಗೆ ಚೆನ್ನಾಗಿ ಗೊತ್ತು. ಇವರ ಮೇಲೆ ಕ್ರಮ ಕೈಗೊಳ್ಳಿ, ನಾವು ನಿಮ್ಮ ಜೊತೆ ನಿಲ್ಲುತ್ತೇವೆ. ಆದರೆ ಇವರನ್ನೂ, ದೊಡ್ಡ ಕಣ್ಣಿನ ಬಲೆಯನ್ನು ಕೈಯಿಂದ ಬೀಸಿ ಬದುಕುವ ಅಂಬಿಗನನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಡಿ. ಬೀಸುಬಲೆ ಒಂದು ಸಲಕ್ಕೆ ಹಿಡಿಯುವುದು ಅದರ ಸುತ್ತಳತೆಯಷ್ಟು ನೀರಿನ ಮೀನನ್ನು. ದಾರ ಸುತ್ತಿದ ಕಡ್ಡಿ ಹಿಡಿದು ಬಲೆ ಹೆಣೆಯುವವರು ಬೆರಳಿನ ಅಳತೆಯಿಂದ ಕಣ್ಣು ಇಡುತ್ತಾರೆ. ಎರಡು ಬೆರಳು, ಮೂರು ಬೆರಳು, ನಾಲ್ಕು ಬೆರಳು ಎಂದು. ಆ ಅಳತೆಯಲ್ಲಿ ಯಾವ ಮೀನು ಹಿಡಿಯಬೇಕು, ಯಾವುದು ದಾಟಿ ಹೋಗಬೇಕು ಎಂಬ ವಿವೇಕ ಇದೆ. ಮಡು ಎಲ್ಲಿದೆ, ಯಾವ ಮಡುವಿನ ತಳದಲ್ಲಿ ಬಂಡೆ ಇದೆ, ಯಾವ ತಿಂಗಳು ಯಾವ ಮೀನಿನ ಹೊಟ್ಟೆಯಲ್ಲಿ ತತ್ತಿ ಇರುತ್ತದೆ ಎಂಬುದು ಅವರಿಗೆ ಬಾಯಿಪಾಠ. ಹೊಳೆಯನ್ನು ಇಷ್ಟು ಬಲ್ಲವರು ನಮ್ಮ ಸೀಮೆಯಲ್ಲಿ ಬೇರೆ ಯಾರೂ ಇಲ್ಲ. ಬಲೆ ನಿಂತ ದಿನ ಈ ತಿಳಿವಳಿಕೆಯೂ ಮುಗಿಯುತ್ತದೆ.

ಸೇತುವೆಗಳಾದ ಮೇಲೆ ದೋಣಿ ದಾಟಿಸುವ ಕಸುಬು ಅಂಬಿಗರ ಕೈತಪ್ಪಿತು. ಆಲಮಟ್ಟಿಯ ನೀರು ಏರಿದಾಗ ದಂಡೆಯ ಊರುಗಳು ಎದ್ದುಹೋದವು. ಆಣೆಕಟ್ಟಿನ ಎತ್ತರವನ್ನು 519.6 ಮೀಟರಿನಿಂದ 524.256 ಮೀಟರಿಗೆ ಏರಿಸುವ ಮಾತು ನಡೆದಾಗಲೆಲ್ಲ ಮುಳುಗುವ ಎಕರೆಗೆ ದರ ಎಷ್ಟು ಎಂಬ ಚರ್ಚೆ ನಡೆಯುತ್ತದೆ. ನಡೆಯಲೇಬೇಕು, ಅದು ನಮ್ಮ ಹಕ್ಕು. ಆದರೆ ಬಲೆ ಬೀಸುವ ನೀರಿಗೆ ಉತಾರ, ಪಹಣಿ ಇಲ್ಲ. ಹೊಳೆ ಕೆಟ್ಟರೆ ಅಂಬಿಗನ ಹೊಲ ಹಾಳಾದಂತೆಯೇ. ಆದರೆ ಆ ಹಾನಿ ಬರೆದುಕೊಳ್ಳಲು ಯಾವ ತಲಾಠಿಯೂ ಬರುವುದಿಲ್ಲ. ಪ್ರತಿ ಜನವರಿ 21ಕ್ಕೆ ನಿಜಶರಣ ಅಂಬಿಗರ ಚೌಡಯ್ಯನವರ ಜಯಂತಿಯನ್ನು ಸರ್ಕಾರವೇ ಆಚರಿಸುತ್ತದೆ. ಹನ್ನೆರಡನೆಯ ಶತಮಾನದ ಆ ಶರಣ ಯಾರ ಮುಖವನ್ನೂ ನೋಡದೆ ಸತ್ಯ ನುಡಿದವರು. ಅವರಿಗೆ ನಾವು ಸಲ್ಲಿಸುವ ಗೌರವ ಅವರ ಕಸುಬಿನವರಿಗೂ ತಲುಪಬೇಕು.

ಬೇಸಿಗೆಯಲ್ಲಿ ನಡೆಯುವುದನ್ನು ನಾನು ಬೆಳೆಗಾರನಾಗಿಯೇ ಹೇಳುತ್ತೇನೆ. ಮಾರ್ಚ್ ಕಳೆಯುತ್ತಿದ್ದಂತೆ ಬ್ಯಾರೇಜಿನ ನೀರು ಇಳಿಯುತ್ತದೆ. ನೀರು ಸರಿದಂತೆ ನಮ್ಮ ಪೈಪುಗಳೂ ಹೊಳೆಯೊಳಕ್ಕೆ ಇಳಿಯುತ್ತವೆ. ಕೊನೆಗೆ ಫುಟ್‌ವಾಲ್ವು ಹೋಗಿ ಮಡುವಿನಲ್ಲೇ ಕೂರುತ್ತದೆ. ಕುಡಿಯುವ ನೀರಿಗೆ ತತ್ವಾರವಾದಾಗ ದಂಡೆಯ ಪಂಪ್‌ಸೆಟ್ಟುಗಳಿಗೆ ಕರೆಂಟು ಕಡಿತವಾಗುತ್ತದೆ. 2023ರ ಬೇಸಿಗೆಯಲ್ಲಿ ನಮ್ಮ ಮುಖ್ಯಮಂತ್ರಿಗಳು ಮಹಾರಾಷ್ಟ್ರದ ಮುಖ್ಯಮಂತ್ರಿಗಳಿಗೆ ಪತ್ರ ಬರೆದು ಕೊಯ್ನಾ, ವಾರಣಾ ಜಲಾಶಯಗಳಿಂದ ಕೃಷ್ಣೆಗೆ 2 ಟಿಎಂಸಿ ಅಡಿ ನೀರು ಬಿಡಿ ಎಂದು ಕೇಳಬೇಕಾಯಿತು. ಜನರ ಬಾಯಾರಿಕೆ, ದನಕರುಗಳ ಬಾಯಾರಿಕೆ ಎಲ್ಲ ಆ ಲೆಕ್ಕದಲ್ಲಿದ್ದವು. ಮಡುವಿನ ತಳದಲ್ಲಿ ಕೆಸರು ಕಲಕುತ್ತ ಉಸಿರುಗಟ್ಟುತ್ತಿದ್ದ ತಾಯಿ ಮೀನುಗಳ ಲೆಕ್ಕ ಯಾರ ಹತ್ತಿರವೂ ಇರಲಿಲ್ಲ. ಮರಳು ತೆಗೆದು ತೆಗೆದು ಹೊಳೆಯ ತಳವನ್ನೇ ಬದಲಿಸಿದ ಕಡೆಗಳಲ್ಲಿ ಹಳೆಯ ಮಡುಗಳೂ ಉಳಿದಿಲ್ಲ.

ಹೊಳೆಗೂ ಒಂದು ಪಾಲು ಇದೆ ಎಂದು ನಾನು ಹೊಸದಾಗಿ ಹೇಳುತ್ತಿಲ್ಲ. ನ್ಯಾಯಮೂರ್ತಿ ಬ್ರಿಜೇಶ್ ಕುಮಾರ್ ನೇತೃತ್ವದ ಎರಡನೇ ಕೃಷ್ಣಾ ಜಲವಿವಾದ ನ್ಯಾಯಮಂಡಳಿ 2010ರ ಡಿಸೆಂಬರ್ 30ರಂದು ಕೊಟ್ಟ ತೀರ್ಪಿನಲ್ಲಿ ಮಹಾರಾಷ್ಟ್ರಕ್ಕೆ 3, ಕರ್ನಾಟಕಕ್ಕೆ 7, ಆಂಧ್ರಕ್ಕೆ 6 ಟಿಎಂಸಿ ಅಡಿ ನೀರನ್ನು ನದಿಯ ಕನಿಷ್ಠ ಹರಿವಿಗೆಂದೇ ಗುರುತಿಸಿತು. ಆ ತೀರ್ಪು ಸುಪ್ರೀಂ ಕೋರ್ಟಿನ ವ್ಯಾಜ್ಯದಲ್ಲಿ ಸಿಕ್ಕಿಕೊಂಡು ಗೆಜೆಟ್ಟಿನಲ್ಲಿ ಪ್ರಕಟವಾಗುವುದು ವರ್ಷಗಟ್ಟಲೆ ಮುಂದೆ ಹೋಯಿತು, ನಿಜ. ಆದರೆ ಆ ಏಳು ಟಿಎಂಸಿಯ ಹಿಂದಿನ ವಿಚಾರಕ್ಕೆ ಗೆಜೆಟ್ಟು ಬೇಕಿಲ್ಲ. ನಮ್ಮೂರಿನ ಹೆಸರಿನ ಒಂದು ಯೋಜನೆಗೆ 6.3 ಟಿಎಂಸಿ ಕೊಡಬಲ್ಲ ಹೊಳೆಗೆ, ತಾನು ಬದುಕಿರಲು ಹೆಚ್ಚುಕಡಿಮೆ ಅಷ್ಟೇ ನೀರನ್ನು ಕೇಳುವ ಹಕ್ಕು ಇದೆ.

ಮೂರನೆಯದು ಹೊಲಸು ನೀರು. ನಮ್ಮ ಸೀಮೆಯಲ್ಲಿ ಕಬ್ಬು ಅರೆಯುವ ಹಂಗಾಮು ದೀಪಾವಳಿಯ ಹೊತ್ತಿಗೆ ಶುರುವಾಗಿ ಬೇಸಿಗೆ ಮುಟ್ಟುತ್ತದೆ. ಹೊಳೆಯಲ್ಲಿ ಹರಿವು ಕಡಿಮೆಯಾಗಿ, ಗೇಟು ಇಳಿದು, ನೀರು ನಿಂತಿರುವುದೂ ಅದೇ ತಿಂಗಳುಗಳಲ್ಲಿ. ಸಕ್ಕರೆ ಅಂಶ, ಕಾಕಂಬಿ ಅಂಶ ಬೆರೆತ ನೀರು ನಿಂತ ನೀರಿಗೆ ಬಿದ್ದರೆ, ಅದನ್ನು ಕೊಳೆಸುವ ಸೂಕ್ಷ್ಮಜೀವಿಗಳು ನೀರಿನಲ್ಲಿ ಕರಗಿದ ಆಮ್ಲಜನಕವನ್ನೆಲ್ಲ ತಿಂದುಬಿಡುತ್ತವೆ. ಮೀನು ಬದುಕಬೇಕಾದರೆ ಒಂದು ಲೀಟರು ನೀರಿನಲ್ಲಿ ಕನಿಷ್ಠ 4 ಮಿಲಿಗ್ರಾಂ ಆಮ್ಲಜನಕ ಇರಬೇಕೆಂದು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯೇ ಹೇಳಿದೆ. ಸಂಸ್ಕರಿಸಿದ ನೀರನ್ನು ಹೊಳೆಗೆ ಬಿಡಬೇಕಾದರೆ ಅದರ ಜೈವಿಕ ಆಮ್ಲಜನಕ ಬೇಡಿಕೆ ಲೀಟರಿಗೆ 30 ಮಿಲಿಗ್ರಾಂ ಮೀರಬಾರದು. ಡಿಸ್ಟಿಲರಿಯ ಕಚ್ಚಾ ತ್ಯಾಜ್ಯದಲ್ಲಿ ಅದು ಹತ್ತಾರು ಸಾವಿರ ಇರುತ್ತದೆ. ಕದ್ದು ಬಿಟ್ಟ ಒಂದು ಟ್ಯಾಂಕರು ಎಷ್ಟು ದೂರದ ನೀರನ್ನು ಕೊಲ್ಲಬಲ್ಲದೆಂದು ನೀವೇ ಲೆಕ್ಕ ಹಾಕಿ. 2023ರ ಮಾರ್ಚ್‌ನಲ್ಲಿ ಮೇಲಿನ ಸಾಂಗ್ಲಿಯ ಹತ್ತಿರ ಇದೇ ಕೃಷ್ಣೆಯಲ್ಲಿ ಮೀನುಗಳು ರಾಶಿರಾಶಿಯಾಗಿ ಸತ್ತು ತೇಲಿದವು. ನಮ್ಮ ಕಡೆಯೂ ಬೆಳಗಾಗುವಷ್ಟರಲ್ಲಿ ಮೀನು ಬಾಯಿ ತೆರೆದು ನೀರಿನ ಮೇಲೆ ಬಂದು ಹೊರಳುವುದನ್ನು ದಂಡೆಯವರು ಕಂಡಿದ್ದಾರೆ. ಇಂಥ ಒಂದೇ ರಾತ್ರಿ, ವರ್ಷವಿಡೀ ಬೀಸಿದ ಬಲೆಗಳಿಗಿಂತ ಹೆಚ್ಚು ಮೀನು ಕೊಲ್ಲಬಲ್ಲದು. ಆದರೆ ನಿಷೇಧದ ನೋಟಿಸು ಹಚ್ಚುವುದು ಬಲೆಗೆ ಮಾತ್ರ.

ಈ ಕಷ್ಟ ಕೃಷ್ಣೆಗಷ್ಟೇ ಬಂದದ್ದಲ್ಲ. ಅಟ್ಲಾಂಟಿಕ್ ಸಾಗರದ ಎರಡೂ ದಂಡೆಗಳಲ್ಲಿ ಸಾಲ್ಮನ್ ಎಂಬ ಮೀನಿದೆ. ಹೊಳೆಯಲ್ಲಿ ಹುಟ್ಟಿ, ಕಡಲಲ್ಲಿ ಬೆಳೆದು, ತತ್ತಿ ಇಡಲು ಹುಟ್ಟಿದ ಹೊಳೆಗೇ ಮರಳುವ ಮೀನು. 2006ರಿಂದ 2020ರೊಳಗೆ ಅದರ ಸಂಖ್ಯೆ ಶೇ 23ರಷ್ಟು ಕುಸಿದಿದೆಯೆಂದು ಪ್ರಕೃತಿ ಸಂರಕ್ಷಣಾ ಒಕ್ಕೂಟ 2023ರ ಡಿಸೆಂಬರ್‌ನಲ್ಲಿ ಹೇಳಿತು. ಐರ್ಲೆಂಡ್ 2007ರಿಂದ ಕಡಲಲ್ಲಿ ಸಾಲ್ಮನ್‌ಗೆ ತೇಲುಬಲೆ ಬಿಡುವುದನ್ನು ನಿಲ್ಲಿಸಿತು. ಬಲೆ ಬಿಟ್ಟವರಿಗೆ ಪರಿಹಾರ ನಿಧಿಯನ್ನೂ ಇಟ್ಟಿತು. ಆದರೂ ಮೀನು ಎಣಿಸಿದಷ್ಟು ಮರಳಲಿಲ್ಲ. ಏಕೆಂದರೆ ಕಡಲೂ ಹೊಳೆಯೂ ಕೆಟ್ಟದ್ದು ಹಾಗೆಯೇ ಉಳಿದಿತ್ತು. ಅಮೆರಿಕದ ಕ್ಲಾಮತ್ ಹೊಳೆಯ ಕಥೆ ಬೇರೆ. ಅಲ್ಲಿನ ಯುರೋಕ್, ಕರುಕ್ ಮೂಲನಿವಾಸಿ ಬೆಸ್ತರು ದಶಕಗಳ ಕಾಲ ಹೋರಾಡಿದರು. 2002ರಲ್ಲಿ ನೀರು ಕಡಿಮೆಯಾಗಿ ಹತ್ತಾರು ಸಾವಿರ ಸಾಲ್ಮನ್ ಸತ್ತದ್ದು ಅವರ ಹೋರಾಟಕ್ಕೆ ಬಲ ಕೊಟ್ಟಿತು. ಕೊನೆಗೆ 2024ರ ಹೊತ್ತಿಗೆ ನಾಲ್ಕು ಹಳೆಯ ಆಣೆಕಟ್ಟುಗಳನ್ನು ಒಡೆದು ತೆಗೆದರು. ನೂರು ವರ್ಷ ಮುಚ್ಚಿದ್ದ ದಾರಿಯಲ್ಲಿ ಕೆಲವೇ ವಾರಗಳೊಳಗೆ ಸಾಲ್ಮನ್ ಮೇಲೇರಿ ಬಂದವು. ಅದೇ ದೇಶದ ವಾಷಿಂಗ್ಟನ್ ರಾಜ್ಯದಲ್ಲಿ 1974ರಲ್ಲಿ ನ್ಯಾಯಾಧೀಶ ಜಾರ್ಜ್ ಬೋಲ್ಟ್ ಅವರು, ಹಿಡಿಯಬಹುದಾದ ಮೀನಿನಲ್ಲಿ ಅರ್ಧ ಪಾಲು ಒಪ್ಪಂದದ ಹಕ್ಕುಳ್ಳ ಮೂಲನಿವಾಸಿಗಳದ್ದು ಎಂದು ತೀರ್ಪು ಕೊಟ್ಟರು. ಅಲ್ಲಿಂದೀಚೆಗೆ ಸರ್ಕಾರದ ಜೊತೆ ಸಮನಾಗಿ ಕೂತು ಮೀನು ಕಾಯುವವರು ಅದೇ ಬಲೆಯವರು.

ನಮ್ಮ ಬ್ಯಾರೇಜು ಒಡೆಯಿರಿ ಎಂದು ನಾನು ಕೇಳುವುದಿಲ್ಲ. ಅದರ ಬೆಲೆ ನನಗೆ ಗೊತ್ತು. 1989ರಲ್ಲಿ ಸರ್ಕಾರದ ದಾರಿ ಕಾಯದೆ ಸಿದ್ದು ನ್ಯಾಮಗೌಡರ ಮುಂದಾಳತ್ವದಲ್ಲಿ ಈ ಸೀಮೆಯ ರೈತರು ತಾವೇ ವಂತಿಗೆ ಹಾಕಿ, ತಾವೇ ಕಲ್ಲು ಮಣ್ಣು ಹೊತ್ತು ಚಿಕ್ಕಪಡಸಲಗಿಯಲ್ಲಿ ಬ್ಯಾರೇಜು ಕಟ್ಟಿದರು. ಅದಕ್ಕೆ ಶ್ರಮಬಿಂದು ಸಾಗರವೆಂದು ಹೆಸರಿಟ್ಟರು. ದೇಶವೇ ಇತ್ತ ತಿರುಗಿ ನೋಡಿತು. ಎರಡು ವರ್ಷಕ್ಕೆ ಅದೇ ನ್ಯಾಮಗೌಡರು ಲೋಕಸಭೆ ಚುನಾವಣೆಯಲ್ಲಿ ರಾಮಕೃಷ್ಣ ಹೆಗಡೆಯವರನ್ನೇ ಸೋಲಿಸಿದರು. ಹೊಳೆಗೆ ಅಡ್ಡಗಟ್ಟೆ ಹಾಕಲು ಒಗ್ಗೂಡಿದ ಊರುಗಳಿವು. ಹೊಳೆಯ ಮಡು ಕಾಯಲು ಒಗ್ಗೂಡಲಾರವೇ? ಆ ವಂತಿಗೆಯ ಕಾಲು ಭಾಗದ ಮನಸ್ಸು ಇದ್ದರೂ ಸಾಕು.

ನಮ್ಮ ನಾಡಿಗೆ ಮೀನು ಕಾಯುವುದು ಹೊಸದೂ ಅಲ್ಲ. ಶೃಂಗೇರಿಯ ತುಂಗೆಯಲ್ಲಿ, ಶಿಶಿಲದ ಕಪಿಲೆಯಲ್ಲಿ, ರಾಮನಾಥಪುರದ ಕಾವೇರಿಯಲ್ಲಿ ದೇವರ ಮೀನೆಂದು ಮಡುಗಳನ್ನು ಉಳಿಸಿಕೊಂಡು ಬಂದಿದ್ದಾರೆ. ಶಿಶಿಲದಲ್ಲಿ 1996ರಲ್ಲಿ ಯಾರೋ ವಿಷ ಹಾಕಿ ಮೀನು ಕೊಂದಾಗ ಊರವರು ಸತ್ತ ಮೀನುಗಳಿಗೆ ಸ್ಮಾರಕವನ್ನೇ ಕಟ್ಟಿದರು. ನಮ್ಮ ಶೂರ್ಪಾಲಿಯ ಲಕ್ಷ್ಮೀನರಸಿಂಹನ ಸನ್ನಿಧಿಯೂ ಕೃಷ್ಣೆಯ ದಂಡೆಯಲ್ಲೇ ಇದೆ. ಅಲ್ಲಿನ ನೀರನ್ನೂ ಹಾಗೆ ಕಾಯಬಹುದು.

ನಾನು ಕೇಳುವುದು ಇಷ್ಟು.

ಮೊದಲನೆಯದಾಗಿ, ಹಿಪ್ಪರಗಿಯಿಂದ ಆಲಮಟ್ಟಿಯ ಹಿನ್ನೀರಿನವರೆಗೆ ಆಳದ ಮಡುಗಳನ್ನು ಬಲೆಯವರನ್ನು ಜೊತೆಗಿಟ್ಟುಕೊಂಡು ಗುರುತಿಸಿ. ಪ್ರತಿ ಮಡುವಿಗೆ ಒಂದು ಕಂಬ ನೆಟ್ಟು ಅದರ ಮೇಲೆ ಕೆಂಪು ಗೆರೆ ಎಳೆಯಿರಿ. ನೀರು ಆ ಗೆರೆಗೆ ಇಳಿದ ದಿನ ಆ ಮಡುವಿನಿಂದ ನಮ್ಮ ಪಂಪುಗಳು ಮೇಲೆ ಬರಬೇಕು. ಕಬ್ಬು ಬೆಳೆಗಾರರಾದ ನಾವು ಇದಕ್ಕೆ ಒಪ್ಪಬೇಕು. ಹನಿ ನೀರಾವರಿಗೆ ಬಂದರೆ ಅದರಲ್ಲಿ ಉಳಿಯುವ ನೀರಿನಲ್ಲೇ ಈ ಮಡುಗಳು ತುಂಬಿರುತ್ತವೆ.

ಎರಡನೆಯದು, ಗೇಟಿನ ಕಾಲ. ಬಾಂದಾರಗಳ ಹಲಗೆಗಳನ್ನು ಪ್ರವಾಹಕ್ಕೆ ಹೆದರಿ ತೆಗೆಯುವುದು ಇದ್ದೇ ಇದೆ. ಅದನ್ನು ಹೊಸ ನೀರು ಬರುವ ಮೊದಲೇ ತೆಗೆಯಿರಿ. ಮೀನು ಏರುವ ಆ ದಿನಗಳಲ್ಲಿ ಬ್ಯಾರೇಜಿನ ಒಂದು ಬದಿಯ ಗೇಟನ್ನಾದರೂ ಮೀನು ಈಜಿ ದಾಟುವಷ್ಟು ನಿಧಾನದ ಹರಿವಿನಲ್ಲಿ ತೆರೆದಿಡುವುದು ಹೇಗೆಂದು ನಿಮ್ಮ ಎಂಜಿನಿಯರರು ಯೋಚಿಸಲಿ. ಫರಕ್ಕಾ ಬ್ಯಾರೇಜು ಬಂದ ಮೇಲೆ ಗಂಗೆಯಲ್ಲಿ ಅಲಹಾಬಾದಿನವರೆಗೆ ಏರುತ್ತಿದ್ದ ಹಿಲ್ಸಾ ಮೀನು ನಿಂತುಹೋದದ್ದು ನಮಗೆ ಪಾಠವಾಗಬೇಕು. ಇನ್ನು ಮುಂದೆ ಕಟ್ಟುವ, ಎತ್ತರಿಸುವ ಯಾವುದೇ ಗೋಡೆಯ ನಕ್ಷೆಯಲ್ಲಿ ಮೀನಿನ ದಾರಿಗೂ ಜಾಗ ಇರಲಿ.

ಮೂರನೆಯದು, ನಿಷೇಧದ ಎರಡು ತಿಂಗಳು. ಜೂನ್, ಜುಲೈನಲ್ಲಿ ಬಲೆ ಹಾಕಬಾರದೆಂಬ ನಿಯಮ ಸರಿಯಾದದ್ದು. ಆದರೆ ಒಲೆ ಆ ಎರಡು ತಿಂಗಳೂ ಉರಿಯಬೇಕು. 2020ರಲ್ಲಿ ಬಂದ ಪ್ರಧಾನಮಂತ್ರಿ ಮತ್ಸ್ಯ ಸಂಪದ ಯೋಜನೆಯಲ್ಲಿ ಮೀನುಗಾರ ತನ್ನ ಪಾಲಿನ 1500 ರೂಪಾಯಿ ಕಟ್ಟಿದರೆ ಸರ್ಕಾರಗಳು 3000 ಸೇರಿಸಿ ನಿಷೇಧದ ಕಾಲಕ್ಕೆ ಕೊಡುವ ಏರ್ಪಾಡಿದೆ, ಒಳನಾಡಿನವರಿಗೂ ಇದೆ. ಅದು ಕಡಲದಂಡೆಯಷ್ಟೇ ಚುರುಕಾಗಿ ಹೊಳೆದಂಡೆಗೂ ತಲುಪಲಿ. ಮೊತ್ತ ಒಂದು ಕುಟುಂಬ ಉಣ್ಣುವಷ್ಟಾದರೂ ಹೆಚ್ಚಲಿ. ಆ ತಿಂಗಳುಗಳಲ್ಲಿ ಹಳ್ಳದ ಬಾಯಿ ಕಾಯುವ ಕೆಲಸವನ್ನು ಕೂಲಿ ಕೊಟ್ಟು ಅವರಿಗೇ ವಹಿಸಿ. ಅವರಷ್ಟು ಚೆನ್ನಾಗಿ ಯಾವ ಕಾವಲುಗಾರನೂ ಕಾಯಲಾರ.

ನಾಲ್ಕನೆಯದು, ನೀರಿನ ಗುಣ. ಅರೆಯುವ ಹಂಗಾಮಿನಲ್ಲಿ ಹೊಳೆಯ ನೀರಿನ ಆಮ್ಲಜನಕ ಎಷ್ಟಿದೆ ಎಂಬುದನ್ನು ದಂಡೆಯ ಪ್ರತಿ ಗ್ರಾಮ ಪಂಚಾಯಿತಿಯ ಹಲಗೆಯ ಮೇಲೆ ಬರೆಸಿ. ಮೀನು ಸತ್ತು ತೇಲಿದ ದಿನ ಪಂಚನಾಮೆ ಆಗಲಿ, ಮಾಡಿದವರಿಂದ ವಸೂಲಾದ ದಂಡದಲ್ಲಿ ಬಲೆಯವರಿಗೆ ಪರಿಹಾರ ಸಿಗಲಿ.

ಐದನೆಯದು, ಹೊಳೆಗೆ ಬಿಡುವ ಮರಿ ಕೃಷ್ಣೆಯದ್ದೇ ಆಗಿರಲಿ. ಕೆರೆಗೆ ಕಟ್ಲಾ ಬಿಡಿ, ಹೊಳೆಗೆ ಹರಗಿ ಬಿಡಿ.

ಕಡೆಯದು, ಇವೆಲ್ಲಕ್ಕೂ ಬುಡವಾದದ್ದು. ನೀರು ಯಾವಾಗ ಬಿಡಬೇಕು, ಎಷ್ಟು ಬಿಡಬೇಕೆಂದು ತೀರ್ಮಾನಿಸುವ ನೀರಾವರಿ ಸಲಹಾ ಸಮಿತಿಯ ಸಭೆಯಲ್ಲಿ ಶಾಸಕರಿಗೆ, ಅಧಿಕಾರಿಗಳಿಗೆ, ರೈತರ ಪ್ರತಿನಿಧಿಗಳಿಗೆ ಕುರ್ಚಿ ಇದೆ. ಅಲ್ಲೊಂದು ಕುರ್ಚಿ ಬಲೆ ಬೀಸುವವರಿಗೂ ಹಾಕಿ. ಅವರು ಅಲ್ಲಿ ಕೂತು, ಇಂಥ ಮಡುವಿನಲ್ಲಿ ಇಂತಿಷ್ಟು ನೀರು ಉಳಿಯಲೇಬೇಕು ಎಂದು ಹೇಳಿದಾಗ ಅದು ನಡವಳಿಯ ಪುಸ್ತಕದಲ್ಲಿ ದಾಖಲಾಗಲಿ.

ಇದರಲ್ಲಿ ಕೋಟಿಗಟ್ಟಲೆ ಹಣ ಬೇಡುವುದು ಒಂದೆರಡೇ. ಉಳಿದವಕ್ಕೆ ಬೇಕಾದದ್ದು ಆದೇಶ, ಕಂಬ, ಬಣ್ಣ, ಒಂದು ಕುರ್ಚಿ ಮತ್ತು ನಮ್ಮ ಬೆಳೆಗಾರರ ಒಪ್ಪಿಗೆ. ಕೊನೆಯದನ್ನು ದೊರಕಿಸುವ ಕೆಲಸವನ್ನು ನಾವು ಊರೂರಿನ ಕಟ್ಟೆಗಳ ಮೇಲೆ ಕೂತು ಮಾಡುತ್ತೇವೆ. ಉಳಿದದ್ದನ್ನು ನೀವು ಈ ಮಳೆಗಾಲದ ಹೊಸ ನೀರು ಬರುವುದರೊಳಗೆ ಶುರುಮಾಡಿ. ಮೊದಲ ಮಡುವಿಗೆ ಕಂಬ ನೆಡಲು ಬರುವ ದಿನ ತಿಳಿಸಿದರೆ, ಜಾಗ ತೋರಿಸಲು ತೆಪ್ಪದವರ ಜೊತೆ ನಾವೂ ದಂಡೆಯಲ್ಲಿರುತ್ತೇವೆ.

ಇಂತಿ ನಿಮ್ಮ ವಿಶ್ವಾಸಿ,
ತುಬಚಿಯ ಒಬ್ಬ ಕಬ್ಬು ಬೆಳೆಗಾರ